ನಡುಬಿಂದುವಿನಲ್ಲಿ ಸ್ಪರ್ಶಕ ಇದೆ, ನಿರ್ದೇಶಕರೇ

ಬೋಧನೋಪಕರಣ ವಿಭಾಗದ ಮಾನ್ಯ ನಿರ್ದೇಶಕರೇ,

ಮೊದಲು ವಿಷಯ ಹೇಳಿಬಿಡುತ್ತೇನೆ. ಕುಶಲ ಕೇಳುವುದು ಆಮೇಲೆ, ಮನಸ್ಸಿದ್ದರೆ. ತಮ್ಮ ವಿಭಾಗ ಕಾಲೇಜುಗಳಿಗೆ ಕಳಿಸಿದ ಗಣಿತದ ಹಲಗೆಯೊಂದರಲ್ಲಿ ಯಾರೋ ಬೆರಳಗಲದಷ್ಟು ಮರವನ್ನು ಅರದಿಂದ ಉಜ್ಜಿ ತೆಗೆದಿದ್ದಾರೆ ಎಂಬ ಕಾರಣಕ್ಕೆ ತಾವು ನನ್ನ ಅಕ್ಕನ ಮಗಳನ್ನು, ಗುತ್ತಿಗೆಯ ಮೇಲೆ ಗಣಿತ ಕಲಿಸುವ ಹೆಣ್ಣುಮಗಳನ್ನು, ತರಗತಿಯಿಂದ ಹೊರಗೆ ಕೂರಿಸಿದಿರಿ. ಆಮೇಲೆ ಒಳಗೆ ಬಿಡಲು ಒಂದು ಷರತ್ತು ಹಾಕಿದಿರಿ. ತಾನು ಕಲಿಸಿದ್ದು ತಪ್ಪು ಎಂದು ಅವಳು ತನ್ನ ವಿದ್ಯಾರ್ಥಿಗಳ ಮುಂದೆಯೇ ನಿಂತು ಹೇಳಬೇಕು. ತಮ್ಮ ಕಡತದಲ್ಲಿ ಈಗ 'ಪ್ರಕರಣ ಮುಕ್ತಾಯ' ಎಂದು ಬರೆದಿರಬಹುದು. ಮುಗಿದಿಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಅರ ಹಿಡಿದ ಕೈ ನನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದೆ. ಆ ಎತ್ತು ತಾನೇ ಬಂದು 'ಜ್ವರ ನನಗೆ' ಎಂದರೂ ಎಮ್ಮೆಯನ್ನೇ ಹುಡುಕುವ ಕಚೇರಿಯನ್ನು ಈಗಷ್ಟೇ ಕಂಡೆ.

ನಾನು ಯಾರು ಎಂದು ತಾವು ಕೇಳಬಹುದು. ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಮಗ್ಗುಲಲ್ಲಿ, ಒಂದು ಕೊಡೆಯ ನೆರಳಿನಲ್ಲಿ ಕೂತು ಕೀಲಿಕೈ ಮಾಡುವವನು ನಾನು. ಓದಿದ್ದು ಹಳ್ಳಿಯ ಶಾಲೆಯಲ್ಲಿ. ಗಣಿತದ ಮೇಷ್ಟ್ರು ನನ್ನನ್ನು ತರಗತಿಯ ಒಳಗೆ ಕಂಡದ್ದಕ್ಕಿಂತ ಬಾಗಿಲಾಚೆ ಬಗ್ಗಿ ನಿಂತದ್ದನ್ನು ಕಂಡದ್ದೇ ಹೆಚ್ಚು. ಆದರೆ ಬೀಗದ ವಿಷಯಕ್ಕೆ ಬಂದರೆ, ಸ್ವಾಮಿ, ಮಾತಾಡುವ ಹಾಗಿಲ್ಲ. ನಾನು ಕೆಮ್ಮಿದರೆ ಹಳೆಯ ಬೀಗಗಳು ತಾವಾಗಿ ಬಾಯಿ ಬಿಡುತ್ತವೆ. ತುಂಬ ಸೊಕ್ಕಿದ್ದ ಒಂದು ತಿಜೋರಿ ನನ್ನ ನೆರಳು ಬಿದ್ದದ್ದಕ್ಕೇ ತೆರೆದುಕೊಂಡಿತು. ಆ ಕಥೆ ಈಗ ಬೇಡ. ಇಂಥ ಮಾತುಗಳಿಂದಾಗಿ ಪೇಟೆಯವರು ನನಗೆ ಬಡಾಯಿ ಮಾವ ಎಂದು ಹೆಸರಿಟ್ಟಿದ್ದಾರೆ. ಅದನ್ನು ನಾನೇ ಹೇಳಿಬಿಡುವುದು ವಾಸಿ, ಏಕೆಂದರೆ ವಿಚಾರಣೆಯ ದಿನ ಆ ಹೆಸರೇ ನನ್ನ ಕುತ್ತಿಗೆಗೆ ಬಂತು.

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಚುಕ್ಕಿ ಎಂದು ಕರೆಯುತ್ತೇವೆ. ಅಪ್ಪ ಇಲ್ಲದ ಮನೆ. ಅವಳ ದುಡಿಮೆಯಿಂದಲೇ ಒಲೆ ಉರಿಯಬೇಕು. ಅವಳ ಕಾಲೇಜಿನಲ್ಲಿ ಗಣಿತಕ್ಕೆಂದು ಇದ್ದ ಸಲಕರಣೆಯನ್ನು ತಾವು ಕಂಡಿಲ್ಲವಾದ್ದರಿಂದ ಹೇಳುತ್ತೇನೆ: ನಡುವೆ ಬಿರುಕು ಬಿಟ್ಟ ಒಂದು ಕರಿಹಲಗೆ, ಸೀಮೆಸುಣ್ಣ ಸಿಕ್ಕಿಸುವ ತಿರುಪೇ ಇಲ್ಲದ ಒಂದು ಮರದ ಕೈವಾರ, ಅಂಚು ಇಲಿ ತಿಂದಂತಿರುವ ಒಂದು ಅಳತೆಕೋಲು. ಚೌಕುಳಿ ಬರೆದ ಹಲಗೆ ಕೊಡಿ, ಗ್ರಾಫ್ ಹಾಳೆ ಕೊಡಿ ಎಂದು ಅವಳು ವರ್ಷವರ್ಷವೂ ಬರೆದಳು. 'ಸಮಗ್ರ ಪೆಟ್ಟಿಗೆಯೊಂದು ಸಿದ್ಧವಾಗುತ್ತಿದೆ, ಅಲ್ಲಿಯವರೆಗೆ ಇರುವುದರಲ್ಲೇ ನಿರ್ವಹಿಸತಕ್ಕದ್ದು' ಎಂದು ತಮ್ಮ ಕಚೇರಿ ವರ್ಷವರ್ಷವೂ ಉತ್ತರಿಸಿತು. ಇರುವುದರಲ್ಲೇ ನಿರ್ವಹಿಸುವುದು! ಎಂಥ ಚೆಂದದ ಮಾತು. ತಮ್ಮ ಕುರ್ಚಿಯ ಒಂದು ಕಾಲು ಮುರಿದ ದಿನ ಇದೇ ಮಾತನ್ನು ತಮಗೆ ಯಾರಾದರೂ ಹೇಳಿದರೆ ಹೇಗಿರುತ್ತದೆ?

ಆದರೂ ಅವಳು ನಿರ್ವಹಿಸಿದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲೇಜಿನ ಪ್ರಯೋಗಾಲಯದ ಕಪಾಟಿನ ಬೀಗ ಕಚ್ಚಿಕೊಂಡಿದೆ ಎಂದು ನನ್ನನ್ನು ಕರೆಸಿದ್ದರು. ಕಿಟಕಿಯ ಆಚೆ ಸಿಮೆಂಟಿನ ಅಂಗಳ. ಅಲ್ಲಿ ಚುಕ್ಕಿ ಸೀಮೆಸುಣ್ಣದಲ್ಲಿ ಒಂದು ಉದ್ದ ಡೊಂಕು ಗೆರೆ ಎಳೆದಿದ್ದಳು. ಹಾವು ಹರಿದ ಹಾಗೆ ಮೊದಲು ಒಂದು ಮಗ್ಗುಲಿಗೆ ಬಾಗಿ, ಆಮೇಲೆ ಇನ್ನೊಂದು ಮಗ್ಗುಲಿಗೆ ಬಾಗುವ ಗೆರೆ. ಒಬ್ಬ ಹುಡುಗಿ ಪರದೆ ಕಟ್ಟುವ ಕೋಲೊಂದನ್ನು ಸೊಂಟದ ಬಳಿ ಮೂಗಿನ ನೇರಕ್ಕೆ ಹಿಡಿದು, ಅರ್ಧ ಮುಂದೆ ಅರ್ಧ ಹಿಂದೆ ಬರುವಂತೆ, ಆ ಗೆರೆಯ ಮೇಲೆ ನಡೆಯುತ್ತಿದ್ದಳು. ಉಳಿದವರು ಸುತ್ತ ನಿಂತಿದ್ದರು.

"ನಿಲ್ಲು!" ಎಂದು ಚುಕ್ಕಿ ಕೂಗಿದಳು. "ಈಗ ಕೋಲು ಯಾವ ಕಡೆ ನೋಡ್ತಿದೆ? ಅದೇ ಸ್ಪರ್ಶಕ. ಎಷ್ಟು ವಾಲಿದೆ? ಅದೇ ಡೆರಿವೇಟಿವ್. ಇಷ್ಟೇ ಕಣ್ರೋ, ಇದಕ್ಯಾಕೆ ಹೆದರ್ತೀರಿ?"

ಹುಡುಗಿ ಇನ್ನಷ್ಟು ನಡೆದು ಗೆರೆಯ ನಟ್ಟನಡುವಿಗೆ, ಬಾಗು ಮಗ್ಗುಲು ಬದಲಿಸುವ ಜಾಗಕ್ಕೆ ಬಂದಳು. ಮತ್ತೆ "ನಿಲ್ಲು!"

"ಮಿಸ್, ಕೋಲಿನ ಮುಂದಿನ ತುದಿ ಗೆರೆಯ ಆ ಕಡೆಗಿದೆ, ಹಿಂದಿನ ತುದಿ ಈ ಕಡೆಗಿದೆ."

"ಇರ್ಲಿ. ಗೆರೇನ ದಾಟಬಾರದು ಅಂತ ಕೋಲಿಗೆ ಯಾರಾದ್ರೂ ಹೇಳಿದ್ದಾರಾ? ವೃತ್ತದಲ್ಲಿ ದಾಟಲ್ಲ, ನಿಜ. ಎಲ್ಲಾ ಗೆರೆಗಳೂ ವೃತ್ತ ಅಲ್ವಲ್ಲ! ಆ ಕ್ಷಣ ನೀನು ಯಾವ ದಿಕ್ಕಿಗೆ ಹೊರಟಿದ್ದೀಯೋ ಅದು ಸ್ಪರ್ಶಕ. ದಾಟಿದ್ರೂ ಸ್ಪರ್ಶಕವೇ."

ಆಮೇಲೆ ಕಿಟಕಿಯಲ್ಲಿ ನನ್ನ ತಲೆ ಕಂಡು, "ಮಾವ, ನೀನೂ ಬಾ, ಒಂದು ಸುತ್ತು ನಡಿ" ಎಂದಳು. ನಡೆದೆ. ಆ ಕಾಲೇಜಿನ ಇತಿಹಾಸದಲ್ಲೇ ಅಷ್ಟು ಠೀವಿಯಿಂದ ಯಾರೂ ಆ ಗೆರೆಯ ಮೇಲೆ ನಡೆದಿರಲಾರರು. ಹುಡುಗರು ಬಿದ್ದು ಬಿದ್ದು ನಕ್ಕರು. ಆದರೆ ನಗುತ್ತಲೇ ನನ್ನ ಕೋಲು ಎಲ್ಲೆಲ್ಲಿ ಎಷ್ಟೆಷ್ಟು ವಾಲಿತು ಎಂದು ಬರೆದುಕೊಂಡರು. ಕಲನಶಾಸ್ತ್ರ ಎಂಬ ಹೆಸರು ಕೇಳಿದರೇ ಹೊಟ್ಟೆನೋವೆಂದು ರಜೆ ಹಾಕುವ ಮಕ್ಕಳು ಅವರು ಎಂಬುದನ್ನು ದಯವಿಟ್ಟು ಗಮನಿಸಿ.

ಹೀಗಿರುವಾಗ ತಮ್ಮ ಪೆಟ್ಟಿಗೆ ಬಂತು.

ಪೆಟ್ಟಿಗೆ ನೋಡಲು ಬಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಒಳಗೆ ತಗಡು ಹೊದಿಸಿದ ಹಲಗೆ. ಹಲಗೆಯ ಮೇಲೆ ವಕ್ರರೇಖೆ, ಬರೆದದ್ದಲ್ಲ. ಮರದಲ್ಲಿ ಕೆತ್ತಿ, ನೀಲಿ ಬಣ್ಣ ಬಳಿದು ಅಂಟಿಸಿದ, ಬೆರಳಷ್ಟು ಎತ್ತರದ ಉಬ್ಬು. ಜೊತೆಗೆ ಹಿಂಬದಿಯಲ್ಲಿ ಆಯಸ್ಕಾಂತವಿರುವ ಒಂದು ಹಿತ್ತಾಳೆ ಪಟ್ಟಿ. ಆ ಪಟ್ಟಿಯನ್ನು ತಗಡಿಗೆ ಕಚ್ಚಿಸಿ ಉಬ್ಬಿಗೆ ತಾಗುವ ಹಾಗೆ ಸರಿಸಿದರೆ ಅದೇ ಸ್ಪರ್ಶಕ. ಬರೆದ ಗೆರೆ ಅಳಿಸಿಹೋಗುತ್ತದೆ, ಉಬ್ಬಾದರೆ ಬಾಳಿಕೆ ಬರುತ್ತದೆ ಎಂದು ತಮ್ಮಲ್ಲಿ ಯಾರೋ ಜಾಣರು ಯೋಚಿಸಿರಬೇಕು. ಬಾಳಿಕೆಯೇನೋ ಬಂತು. ಆದರೆ ಮರ ಎಂದ ಮೇಲೆ ಮರ. ಹಿತ್ತಾಳೆ ಅದರೊಳಗೆ ತೂರುವುದಿಲ್ಲ. ಉಬ್ಬಿನ ಹೊರಬಾಗಿಗೆ ಪಟ್ಟಿ ಚೆನ್ನಾಗಿ ತಾಗುತ್ತದೆ. ಬಾಗು ಮಗ್ಗುಲು ಬದಲಿಸುವ ನಡುಬಿಂದುವಿನಲ್ಲಿ ಮಾತ್ರ, ಗೆರೆಯನ್ನು ದಾಟಿಯೇ ಮಲಗಬೇಕಾದ ಪಟ್ಟಿಗೆ ಮರ ಅಡ್ಡ. ಉಬ್ಬಿನ ಮೇಲೇರಿಸಿ ಇಟ್ಟರೆ ಆಯಸ್ಕಾಂತ ತಗಡಿಗೆ ತಾಗದೆ ಪಟ್ಟಿ ಠಣ್ ಎಂದು ನೆಲಕ್ಕೆ.

ಇಷ್ಟಾದರೂ ಪರವಾಗಿಲ್ಲ, ಸಾಮಾನು ಎಂದ ಮೇಲೆ ಐಬು ಇರುತ್ತದೆ. ನಾನು ಮಾಡಿದ ಕೀಲಿಕೈಗಳಲ್ಲೂ ಇರಬಹುದಿತ್ತು, ಬೇರೆ ಯಾರಾದರೂ ಮಾಡಿದ್ದರೆ. ಆದರೆ ಪೆಟ್ಟಿಗೆಯ ಜೊತೆ ಬಂದ ಕೈಪಿಡಿಯಲ್ಲಿ ತಮ್ಮ ಪಂಡಿತರು ಏನೆಂದು ಅಚ್ಚು ಹಾಕಿಸಿದ್ದಾರೆ ನೋಡಿ: 'ನಡುಬಿಂದುವಿನಲ್ಲಿ ಪಟ್ಟಿಯು ಕೂರುವುದಿಲ್ಲ; ಆದ್ದರಿಂದ ಆ ಬಿಂದುವಿನಲ್ಲಿ ಸ್ಪರ್ಶಕವಿಲ್ಲವೆಂದು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡಿಸುವುದು.' ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲ ಡೊಂಕೆಂದು ಸುತ್ತೋಲೆ ಹೊರಡಿಸಿದ್ದು ತಾವು ಮಾತ್ರ. ತಾವು ಮಾಡಿಸಿದ ಪಟ್ಟಿ ಕೂರದಿದ್ದರೆ ಜಗತ್ತಿನಲ್ಲಿ ಆ ಗೆರೆಯೇ ಇಲ್ಲವೇ? ನನ್ನ ಕೈ ತಿಜೋರಿಯ ತಳಕ್ಕೆ ಮುಟ್ಟದಿದ್ದರೆ ತಳವೇ ಇಲ್ಲ ಎಂದು ನಾನು ಹೇಳಬಹುದೇ?

ಈ ಪಾಠವನ್ನು ಪೆಟ್ಟಿಗೆಯಿಂದ ಮಾತ್ರ ಕಲಿಸಬೇಕು, ಕಲಿಸಿದ್ದಕ್ಕೆ ಫೋಟೋ ಕಳಿಸಬೇಕು ಎಂದೂ ಅಪ್ಪಣೆಯಾಗಿತ್ತು. ಚುಕ್ಕಿ ಹಲಗೆಯನ್ನು ಗೋಡೆಗೆ ತೂಗುಹಾಕಿ ಕಲಿಸಿದಳು. ಅಂದು ಅಂಗಳದಲ್ಲಿ ಕೋಲು ಹಿಡಿದು ನಡೆದಿದ್ದ ಹುಡುಗಿಯೇ ಎದ್ದು ಬಂದು ನಡುಬಿಂದುವಿನಲ್ಲಿ ಪಟ್ಟಿ ಕೂರಿಸಲು ನೋಡಿದಳಂತೆ. ಕೂರಲಿಲ್ಲ. ತಿರುಗಿ ನಿಂತು, "ಹಾಗಾದ್ರೆ ಅವತ್ತು ಅಂಗಳದಲ್ಲಿ ನಮ್ಮನ್ನ ನಡೆಸಿದ್ದು ಸುಳ್ಳಾ ಮಿಸ್?" ಎಂದು ಕೇಳಿದಳಂತೆ. ಆ ದಿನ ಸಂಜೆ ಮನೆಗೆ ಬಂದ ಚುಕ್ಕಿ ಊಟಕ್ಕೆ ಕೂತರೂ ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳೇ ಹೊರತು ತುತ್ತು ಎತ್ತಲಿಲ್ಲ. ತಮ್ಮ ಕಚೇರಿಗೆ ವಿನಯದಿಂದ ಬರೆದಳು: ಹಲಗೆಯಲ್ಲಿ ದೋಷವಿದೆ, ಕೈಪಿಡಿಯ ವಾಕ್ಯ ತಪ್ಪು. ಅದು ತಪ್ಪೆಂದು ತೋರಿಸುವ ಗಣಿತದ ಸಾಧನೆಯನ್ನೂ ಬರೆದು ಲಗತ್ತಿಸಿದಳು. 'ಉಪಕರಣವನ್ನು ಕೈಪಿಡಿಯಂತೆ ಬಳಸತಕ್ಕದ್ದು' ಎಂದು ಉತ್ತರ ಬಂತು. ಲಗತ್ತನ್ನು ಯಾರಾದರೂ ಓದಿದರೋ ಇಲ್ಲವೋ, ಅದನ್ನು ಗುಂಡುಸೂಜಿಯ ಸಮೇತ ಹಿಂದಿರುಗಿಸುವಷ್ಟು ಪ್ರಾಮಾಣಿಕತೆ ತಮ್ಮಲ್ಲಿತ್ತು ಎಂಬುದನ್ನು ಒಪ್ಪಬೇಕು.

ಮುಂದಿನ ವಾರ ಅವಳು ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನನ್ನ ಕೊಡೆಯ ಕೆಳಗೆ ಬಂದು ಕೂತಳು.

"ಮಾವ, ಇದಕ್ಕೊಂದು ಕಚ್ಚು ಹಾಕಿಕೊಡ್ತೀಯಾ?"

"ಬೀಗ ಎಲ್ಲಿದೆ?"

"ಬೀಗ ಇಲ್ಲ. ಈ ಪಟ್ಟಿ ಇಲ್ಲಿ ಅಡ್ಡ ಮಲಗಬೇಕು. ಅಷ್ಟು ಜಾಗ ಬೇಕು."

"ಇದು ಇಲಾಖೆ ಸಾಮಾನಲ್ವಾ? ನಾಳೆ ಕೇಳಿದ್ರೆ?"

"ನೂರಾರು ಕಡೆಗೆ ಕಳಿಸಿದ್ದಾರೆ ಮಾವ. ಎಲ್ಲರೂ ಕಪಾಟಲ್ಲಿಟ್ಟು ಬೀಗ ಹಾಕಿದ್ದಾರೆ. ಮುಟ್ಟಿದ್ರೆ ಮುರಿಯತ್ತೆ, ಮುರಿದ್ರೆ ಜವಾಬು ಕೊಡ್ಬೇಕು ಅಂತ. ಯಾರೂ ಕೇಳಲ್ಲ."

"ಅಲ್ಲ ಮಗಾ, ಅಷ್ಟು ದೊಡ್ಡ ಗೆರೇಲಿ ಇದೊಂದು ಚುಕ್ಕೆ ಬಿಟ್ರೆ ಏನಾಗತ್ತೆ? ಮಿಕ್ಕ ಕಡೆ ಎಲ್ಲಾ ಕೂರತ್ತಲ್ಲ."

ಆಗ ಅವಳು ಹೇಳಿದ್ದನ್ನು ತಮಗೆ ಹಾಗೆಯೇ ಒಪ್ಪಿಸುತ್ತೇನೆ. ನನ್ನ ಸ್ವಂತದ ಒಂದಕ್ಷರವನ್ನೂ ಸೇರಿಸಿಲ್ಲ; ನನ್ನ ಮಟ್ಟಿಗೆ ಇದು ದೊಡ್ಡ ತ್ಯಾಗ. "ಜ್ವರ ಊರಲ್ಲಿ ಹಬ್ಬೋದು ಇದೇ ಗೆರೆ ಹಾಗೆ ಮಾವ. ಮೊದಲು ನಿಧಾನ, ಆಮೇಲೆ ದಬದಬ ಏರತ್ತೆ, ಕೊನೆಗೆ ಮತ್ತೆ ನಿಧಾನ. ಅತಿ ಜೋರಾಗಿ ಏರೋದು ಎಲ್ಲಿ ಗೊತ್ತಾ? ಈ ನಡುವಲ್ಲಿ. ಎಷ್ಟು ಜೋರು ಅಂತ ಹೇಳೋದೇ ಡೆರಿವೇಟಿವ್. ಅದನ್ನ ಅಳೀಲೇಬೇಕಾದ ಜಾಗ ಇದು. ಅಲ್ಲೇ ಏನೂ ಇಲ್ಲ ಅಂತ ಮಕ್ಕಳಿಗೆ ಹೇಳಿಕೊಟ್ರೆ, ನಾಳೆ ಆ ಮಕ್ಕಳೇ ಎಲ್ಲೆಲ್ಲೋ ಕೂತು ಲೆಕ್ಕ ಹಾಕ್ತಾರೆ. ಕೈಮೀರೋ ಹೊತ್ತಲ್ಲಿ 'ಇಲ್ಲಿ ಏನೂ ಇಲ್ಲ' ಅಂತ ಬರೀತಾರೆ."

ನಿರ್ದೇಶಕರೇ, ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಕಚೇರಿಗಳನ್ನು ನಾನೂ ಕಂಡವನು. ಎಲ್ಲಿ ಅನಾಹುತ ಅತಿ ಜೋರಾಗಿ ಏರುತ್ತಿರುತ್ತದೋ ಸರಿಯಾಗಿ ಅಲ್ಲೇ ತಮ್ಮಂಥವರಿಗೆ ಏನೂ ಕಾಣುವುದಿಲ್ಲ ಎಂಬ ಅರ್ಧ ಮಾತ್ರ ಚೆನ್ನಾಗಿ ಅರ್ಥವಾಯಿತು.

ಕೆಲಸ ಹೇಗೆ ಮಾಡಿದೆ ಎಂಬುದನ್ನೂ ಕೇಳಿ. ಕೀಲಿಕೈ ಮಾಡುವವನು ಕಣ್ಣಳತೆಯಲ್ಲಿ ಉಜ್ಜುವುದಿಲ್ಲ. ಹೊಸ ಕೀಲಿಗೆ ಮಸಿ ಹಿಡಿಸಿ ಬೀಗಕ್ಕೆ ತೂರಿಸುತ್ತೇವೆ; ಎಲ್ಲಿ ಮಸಿ ಉಜ್ಜಿಹೋಯಿತೋ ಅಲ್ಲಿ ತಡೆ, ಅಲ್ಲಷ್ಟೇ ಅರ. ಹಾಗೆಯೇ ತಮ್ಮ ಹಿತ್ತಾಳೆ ಪಟ್ಟಿಯ ಅಂಚಿಗೆ ದೀಪದ ಮಸಿ ಹಿಡಿಸಿದೆ. ಚುಕ್ಕಿ ಪೆನ್ಸಿಲಿನಲ್ಲಿ ಪಟ್ಟಿ ಎಷ್ಟು ವಾಲಬೇಕೆಂದು ಗುರುತು ಹಾಕಿದಳು. ಪಟ್ಟಿಯನ್ನು ಒತ್ತುವುದು, ಮರದ ಮೇಲೆ ಮಸಿ ಎಲ್ಲಿ ಹತ್ತಿತೆಂದು ನೋಡುವುದು, ಅಲ್ಲಿ ಉಜ್ಜುವುದು. ಮೊದಲು ಒರಟು ಅರ, ಆಮೇಲೆ ನುಣುಪು ಅರ, ಕೊನೆಗೆ ಬಟ್ಟೆ. ಕಚ್ಚಿನ ತಳದಲ್ಲಿ ತಗಡು ಹೊಳೆಯಿತು. ಅಲ್ಲಿ ಗೆರೆ ತುಂಡಾದಂತೆ ಕಾಣಬಾರದೆಂದು ಚುಕ್ಕಿ ತನ್ನ ಉಗುರುಬಣ್ಣದಿಂದ ಆ ತಗಡಿನ ಮೇಲೆ ಗೆರೆಯನ್ನು ಮುಂದುವರಿಸಿದಳು. ಪಟ್ಟಿಯನ್ನಿಟ್ಟಾಗ ಟಕ್ ಎಂದು ಕೂತಿತು. ಅವಳು ಅದರ ಮೇಲೆ ಅಂಗೈ ಇಟ್ಟು, ಚಿಕ್ಕವಳಿದ್ದಾಗ ಪುಟ್ಟ ಬೀಗವೊಂದನ್ನು ತಾನೇ ತೆರೆದ ದಿನ ನಕ್ಕ ಹಾಗೆ ನಕ್ಕಳು.

ತಮ್ಮ ತಪಾಸಣೆಯವರು ವರದಿಯಲ್ಲಿ ಆ ಕಚ್ಚನ್ನು 'ಒರಟಾಗಿ ಹಾಳುಗೆಡವಲಾಗಿದೆ' ಎಂದು ಬರೆದಿದ್ದಾರೆ. ಒರಟಾಗಿ! ಉಳಿದದ್ದನ್ನೆಲ್ಲ ಕ್ಷಮಿಸಿದರೂ ಆ ಒಂದು ಪದವನ್ನು ನಾನು ಕ್ಷಮಿಸಲಾರೆ. ಬೆರಳಿಟ್ಟು ಸವರಿ ನೋಡಲಿ, ಒಂದು ಸಿಬಿರು ಚುಚ್ಚಿದರೆ ಈ ಕಸುಬನ್ನೇ ಬಿಟ್ಟುಬಿಡುತ್ತೇನೆ.

ಆಮೇಲಿನದು ತಮಗೆ ಗೊತ್ತಿದೆ. ತಮ್ಮ ವಿಭಾಗದ ಪರೀಕ್ಷೆಯಲ್ಲಿ ನಡುಬಿಂದುವಿನ ಸ್ಪರ್ಶಕದ ಇಳಿಜಾರು ಎಷ್ಟು ಎಂಬ ಪ್ರಶ್ನೆ ಬಂತು. ತಮ್ಮ ಉತ್ತರಸೂಚಿಯಲ್ಲಿ 'ಸ್ಪರ್ಶಕವಿಲ್ಲ'. ಅವಳ ಮಕ್ಕಳೆಲ್ಲ ಲೆಕ್ಕ ಮಾಡಿ ಸರಿಯಾದ ಬೆಲೆ ಬರೆದರು. ಆ ಪ್ರಶ್ನೆಯನ್ನೇ ನೆಚ್ಚಿಕೊಂಡಿದ್ದ ಮುಂದಿನ ಪ್ರಶ್ನೆಗಳೂ ಸೊನ್ನೆಯಾದವು. ಇಡೀ ತರಗತಿ ಒಟ್ಟಿಗೆ ತಪ್ಪು ಮಾಡಿದೆ ಎಂದರೆ ಕಲಿಸಿದವಳಲ್ಲೇ ದೋಷವಿರಬೇಕು ಎಂದು ತಪಾಸಣೆಯವರು ಬಂದರು. ಇಡೀ ತರಗತಿ ಒಟ್ಟಿಗೆ ಸರಿ ಬರೆದಿರಬಹುದು ಎಂಬ ಅನುಮಾನ ಒಬ್ಬರಿಗಾದರೂ ಬಂತೇ? ಅವರ ಕಣ್ಣಿಗೆ ಬಿದ್ದದ್ದು ಹಲಗೆಯ ಕಚ್ಚು. ಹಲಗೆಯನ್ನು ಬಟ್ಟೆಯಲ್ಲಿ ಕಟ್ಟಿ ಅರಗಿನ ಮೊಹರು ಹಾಕಿದರು. ಚುಕ್ಕಿಯನ್ನು ಗ್ರಂಥಾಲಯದ ಮೂಲೆಯ ಬೆಂಚಿನಲ್ಲಿ ಕೂರಿಸಿದರು.

ವಿಚಾರಣೆಯ ದಿನ ನಾನು ಒಗೆದ ಅಂಗಿ ಹಾಕಿಕೊಂಡು, ಅರಗಳ ಚೀಲವನ್ನು ಸಾಕ್ಷಿಗೆಂದು ಹೆಗಲಿಗೇರಿಸಿ ಹೋದೆ. ಪ್ರಾಂಶುಪಾಲರ ಕೋಣೆ. ತಮ್ಮ ವಿಚಾರಣಾಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಪಕ್ಕದಲ್ಲಿ ಗುಮಾಸ್ತ ಟೈಪು ಮಾಡಲು ಕೂತಿದ್ದ.

"ಯಾರ್ರೀ ನೀವು?"

"ಅಪರಾಧಿ, ಸ್ವಾಮಿ. ಕಚ್ಚು ಹಾಕಿದ್ದು ನಾನು, ಅವಳ ಸೋದರಮಾವ. ಹುಡುಗೀನ ಬಿಟ್ಟುಬಿಡಿ."

ಗುಮಾಸ್ತ ಕಿಸಕ್ಕೆಂದು ನಕ್ಕ. "ಸಾರ್, ಇವ್ರು ಬಡಾಯಿ ಮಾವ ಅಂತ. ಹೋದ್ಸಲ ನಮ್ಮ ಬೀರು ತೆಗೆಯೋಕೆ ಬಂದಾಗ, ರೈಲಿಗೂ ಕೀಲಿ ಹಾಕಿ ನಿಲ್ಲಿಸಿದ್ದೆ ಅಂದಿದ್ರು."

"ಅದು ಬೇರೆ ವಿಷಯ. ಇದು ನಿಜ" ಎಂದೆ.

"ಬೀರು ಅಂತೂ ತೆಗೀಲಿಲ್ಲ ಸಾರ್."

"ಅದರ ಬೀಗಕ್ಕೆ ಮರ್ಯಾದೆ ಇರಲಿಲ್ಲ, ನಾನೇ ಬಿಟ್ಟೆ! ಸ್ವಾಮಿ, ಅರ ಕೊಡ್ತೀನಿ, ಹಲಗೆ ಬಿಚ್ಚಿಸಿ, ಗೀರು ಹೋಲಿಸಿ ನೋಡಿ."

ಅಧಿಕಾರಿ ಕೊನೆಗೂ ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ನೀವು ಇಲಾಖೆ ನೌಕರರಾ?"

"ಅಲ್ಲ."

"ಹಾಗಾದ್ರೆ ನಿಮ್ಮ ಹೇಳಿಕೆಗೆ ಇಲ್ಲಿ ಜಾಗ ಇಲ್ಲ. ಅಕ್ಕನ ಮಗಳ ಮೇಲೆ ಪ್ರೀತಿ, ಅರ್ಥ ಆಗತ್ತೆ. ಹೊರಡಿ."

ಒಂದು ಜೀವಮಾನವೆಲ್ಲ ಬಾಯಿಗೆ ಬಂದದ್ದನ್ನು ಹೇಳಿ ನಂಬಿಸಿದ್ದೇನೆ, ನಿರ್ದೇಶಕರೇ. ಮಾಡದೇ ಇದ್ದ ಸಾಹಸಕ್ಕೆ ಚಹಾ ಕುಡಿಸಿಕೊಂಡಿದ್ದೇನೆ. ಒಂದೇ ಒಂದು ನಿಜ ಹೇಳಬೇಕಾದ ದಿನ ನನ್ನ ನಾಲಿಗೆಗೆ ಬೆಲೆ ಇರಲಿಲ್ಲ. ಅದು ನನ್ನ ಕರ್ಮ, ಒಪ್ಪಿದೆ. ಆದರೆ ಬಡಾಯಿಯವನ ಮಾತನ್ನು ಪರೀಕ್ಷಿಸಿ ನೋಡುವುದಕ್ಕೆ ತಮ್ಮ ಬಳಿ ಹಲಗೆ ಇತ್ತು, ಪಟ್ಟಿ ಇತ್ತು, ಕಣ್ಣೂ ಇದ್ದವು. ಅರಗನ್ನು ಬಿಚ್ಚಿ ಪಟ್ಟಿಯನ್ನು ಒಮ್ಮೆ ಇಟ್ಟು ನೋಡಿದ್ದರೆ ಕಚ್ಚು ಹಾಕಿದ್ದು ಯಾರೆಂಬುದಕ್ಕಿಂತ ಏಕೆಂಬುದು ತಿಳಿಯುತ್ತಿತ್ತು. ಅದು ಬೇಕಿರಲಿಲ್ಲ ಎಂದು ಕಾಣುತ್ತದೆ.

ಆದೇಶ ಬಂತು: ಕೈಪಿಡಿಯಲ್ಲಿರುವಂತೆ ಆ ಬಿಂದುವಿನಲ್ಲಿ ಸ್ಪರ್ಶಕವಿಲ್ಲವೆಂದು ತರಗತಿಯಲ್ಲಿ ಘೋಷಿಸಿ ರುಜು ಹಾಕಿದರೆ ಗುತ್ತಿಗೆ ಮುಂದುವರಿಯುತ್ತದೆ. ಇಲ್ಲವಾದರೆ ಇಲ್ಲ.

ಮನೆಯಲ್ಲಿ ನಡೆದದ್ದನ್ನೂ ತಾವು ತಿಳಿಯಬೇಕು. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. "ಹೇಳಿಬಿಡೇ. ಬಾಯಿಮಾತು ತಾನೇ. ಯಾರ ಮನೆ ಹಾಳಾಗತ್ತೆ?" ಎಂದಳು. ನಾನೂ ದನಿಗೂಡಿಸಿದೆ. "ಒಂದು ವಾಕ್ಯ ಅಲ್ವಾ ಮಗಾ? ನಾನು ದಿನಕ್ಕೆ ಹತ್ತು ಬಿಡ್ತೀನಿ. ಸ್ವಲ್ಪಾನೂ ನೋವಾಗಲ್ಲ."

"ನೀನು ಹೇಳಿದ್ದನ್ನ ಯಾರೂ ಬರ್ಕೊಳ್ಳಲ್ಲ ಮಾವ" ಎಂದಳು ಚುಕ್ಕಿ. "ನಾನು ಹೇಳಿದ್ದನ್ನ ಬರ್ಕೋತಾರೆ."

ಅಕ್ಕ ಅಳತೊಡಗಿದಳು. ಅಳುವಿಗೆ ಯಾವ ಗಣಿತದ ಸಾಧನೆಯೂ ಎದುರು ನಿಲ್ಲುವುದಿಲ್ಲ. ಚುಕ್ಕಿ ಎದ್ದು ಮುಖ ತೊಳೆದುಕೊಂಡು, "ಸರಿ ಬಿಡಮ್ಮ" ಎಂದಳು.

ತಮ್ಮ ಪ್ರತಿನಿಧಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಾಗ ಅವಳು ತರಗತಿಯಲ್ಲಿ ನಿಂತು ಹೇಳಿದಳು. ಗೋಡೆಯಲ್ಲಿ ಹೊಸ ಹಲಗೆ, ಕಚ್ಚಿಲ್ಲದ್ದು. ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಆಮೇಲೆ ಹೇಳಿದಳು. ಯಾರಾದರೂ ಒಬ್ಬರು ಎದ್ದು ನಿಂತು 'ಇಲ್ಲ ಮಿಸ್, ಅಂಗಳದಲ್ಲಿ ಕೋಲು ದಾಟಿತ್ತು' ಎಂದು ಹೇಳುತ್ತಾರೆ ಎಂದು ಕಾದಳಂತೆ. ಹಾಗೊಬ್ಬರು ಹೇಳಿದ್ದರೆ ರುಜು ಹಾಕುತ್ತಿರಲಿಲ್ಲವಂತೆ, ಮನೆ ಏನಾದರೂ ಆಗಲಿ.

"ಯಾರೂ ಏಳ್ಲಿಲ್ಲ ಮಾವ. ತಲೆ ತಗ್ಗಿಸಿಕೊಂಡು ಬರ್ಕೊಂಡ್ರು. ಒಬ್ಬ, 'ಮಿಸ್, ಇನ್ನೊಂದ್ಸಲ ಹೇಳಿ, ಕೊನೇದು ಬಿಟ್ಟುಹೋಯ್ತು' ಅಂದ. ಇನ್ನೊಂದ್ಸಲ ಹೇಳ್ದೆ."

ಅಂಗಳದಲ್ಲಿ ಕೋಲು ಹಿಡಿದು ನಡೆದಿದ್ದ ಆ ಹುಡುಗಿ, ಹಾಸ್ಟೆಲ್ ಪೆಟ್ಟಿಗೆಯ ಕೀಲಿ ಕಳೆದುಕೊಂಡು, ಕಳೆದ ವಾರ ನನ್ನ ಕೊಡೆಯ ಕೆಳಗೆ ಬಂದಳು. ಕೀಲಿ ಉಜ್ಜುತ್ತಾ ಕೇಳಿದೆ. "ಅಲ್ಲಮ್ಮ, ಆ ನಡುಬಿಂದುವಲ್ಲಿ ಪಟ್ಟಿ ಕೂರತ್ತಾ ಇಲ್ವಾ?"

ಅವಳು ಸುತ್ತ ಒಮ್ಮೆ ನೋಡಿ, "ಕೂರತ್ತೆ ಅಂಕಲ್. ಪರೀಕ್ಷೆಗೆ ಕೂರಲ್ಲ" ಎಂದಳು.

ಬೇಸರವಿಲ್ಲ, ಸಿಟ್ಟಿಲ್ಲ. ಬಸ್ಸಿನ ವೇಳೆ ಹೇಳಿದಷ್ಟು ಸಲೀಸು. ನಿರ್ದೇಶಕರೇ, ನಾನು ಸುಳ್ಳಿನ ಹಳೆಯ ಗಿರಾಕಿ, ಅದರ ತೂಕ ಬಲ್ಲೆ. ನನ್ನ ಸುಳ್ಳನ್ನು ಕೇಳಿದವರು ನಗುತ್ತಾರೆ, ಬೈಯುತ್ತಾರೆ, 'ಸಾಕು ಬಿಡು ಮಾರಾಯ' ಎನ್ನುತ್ತಾರೆ. ಈ ಮಗು ನಿಜವನ್ನೂ ಸುಳ್ಳನ್ನೂ ಎರಡು ಜೇಬಿನಲ್ಲಿಟ್ಟುಕೊಂಡು, ಯಾವ ಬಾಗಿಲಿಗೆ ಯಾವುದು ಎಂದು ಕಲಿತುಬಿಟ್ಟಿದೆ. ಕಲನಶಾಸ್ತ್ರದಲ್ಲಿ ತಾವು ಕಲಿಸಿದ ಏಕೈಕ ಪಾಠ ಇದು, ಮತ್ತು ಅದರಲ್ಲಿ ಇಡೀ ತರಗತಿ ತೇರ್ಗಡೆಯಾಗಿದೆ. ಅಭಿನಂದನೆಗಳು.

ಚುಕ್ಕಿಗೆ ಕೆಲಸ ಉಳಿದಿದೆ. ದಿನವೂ ಹೋಗುತ್ತಾಳೆ, ಬರುತ್ತಾಳೆ. ಕೈಪಿಡಿಯನ್ನು ಹಿಡಿದು ಸಾಲುಸಾಲಾಗಿ ಓದುತ್ತಾಳಂತೆ, ಸೀಮೆಸುಣ್ಣ ಮುಟ್ಟುವುದಿಲ್ಲವಂತೆ. ಯಾರೂ ಪ್ರಶ್ನೆ ಕೇಳುವುದಿಲ್ಲ, ಅವಳೂ ಕಾಯುವುದಿಲ್ಲ. ಮೊನ್ನೆ ಅಂಗಳದಲ್ಲಿ ಮಾಸಲಾಗಿ ಉಳಿದಿದ್ದ ಡೊಂಕು ಗೆರೆಯನ್ನು ಜವಾನ ನೀರು ಹಾಕಿ ತೊಳೆಯುತ್ತಿದ್ದಾಗ ಅವಳು ಬಕೆಟ್ಟನ್ನು ದಾಟಿ ಹೋದಳಂತೆ, ತಿರುಗಿ ನೋಡಲಿಲ್ಲವಂತೆ. ಅಕ್ಕನಿಗೆ ಮಗಳ ಕೆಲಸ ಉಳಿಯಿತೆಂದು ಸಮಾಧಾನ. ಆದರೆ ಅವಳೂ ನಿನ್ನೆ ನನ್ನನ್ನು ಬದಿಗೆ ಕರೆದು, "ಅವಳು ಮನೇಲಿ ಜಗಳಾನೂ ಆಡ್ತಿಲ್ಲ ಕಣೋ" ಎಂದಳು. ಜಗಳವಾಡದ ಚುಕ್ಕಿಯನ್ನು ನಾವು ಯಾರೂ ಕಂಡವರಲ್ಲ.

ಆದ್ದರಿಂದ ಬೇಡಿಕೆಗೆ ಬರುತ್ತೇನೆ. ಅವಳನ್ನು ಖಾಯಂ ಮಾಡಿ ಎಂದು ಕೇಳುವುದಿಲ್ಲ, ಸನ್ಮಾನ ಮಾಡಿ ಎಂದೂ ಕೇಳುವುದಿಲ್ಲ. ಆ ಸುಳ್ಳನ್ನು ಹೇಳಿಸಿದ್ದು ತಮ್ಮ ಮೊಹರಿನ ಕಾಗದ. ಅದನ್ನು ಹಿಂದಕ್ಕೆ ಪಡೆಯಲೂ ತಮ್ಮ ಮೊಹರೇ ಬೇಕು. ತಾವು ಖುದ್ದಾಗಿ ಆ ಕಾಲೇಜಿಗೆ ಬನ್ನಿ, ಅರಗು ಹಾಕಿದ ಹಲಗೆಯನ್ನು ಜೊತೆಗೆ ತನ್ನಿ. ಮಕ್ಕಳ ಎದುರಿನಲ್ಲಿ ಬಿಚ್ಚಿ, ಪಟ್ಟಿಯನ್ನು ತಮ್ಮ ಕೈಯಿಂದಲೇ ನಡುಬಿಂದುವಿನ ಮೇಲಿಡಿ. ಕೂತರೆ, 'ಕೂತಿತು' ಎಂದು ಗಟ್ಟಿಯಾಗಿ ಹೇಳಿ. ಕೈಪಿಡಿಯ ಆ ವಾಕ್ಯವನ್ನು ಎಲ್ಲ ಕಾಲೇಜುಗಳಲ್ಲೂ ಹೊಡೆದುಹಾಕಿಸಿ, ಆ ಮಕ್ಕಳ ಉತ್ತರಪತ್ರಿಕೆಗಳನ್ನು ಮತ್ತೆ ತಿದ್ದಿಸಿ. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು, ಚುಕ್ಕಿ ತನ್ನ ಮಾತನ್ನು ತಾನೇ ಹಿಂದಕ್ಕೆ ಪಡೆಯುವುದನ್ನು ಕೇಳಿ. ಅವಳಿಗೆ ಬಾಯಿ ಮತ್ತೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬೀಗಗಳ ವಿಷಯದಲ್ಲಿ ಹೀಗೆ ಹೇಳಬೇಕಾಗಿ ಬಂದದ್ದು ನನಗೆ ಇದೇ ಮೊದಲು. ಬೇಗ ಬನ್ನಿ, ಒಳಗಿನ ಸ್ಪ್ರಿಂಗು ತುಕ್ಕು ಹಿಡಿದ ಮೇಲೆ ಎಂಥ ಕೀಲಿ ತಂದರೂ ತಿರುಗುವುದಿಲ್ಲ.

ಇಂತಿ, ತಮ್ಮ ವಿಚಾರಣೆಯಲ್ಲಿ ಹೇಳಿಕೆಗೆ ಜಾಗ ಸಿಗದ,
ನಂಬಲು ತಕ್ಕವನಲ್ಲದಿದ್ದರೂ ಈ ಸಲ ನಿಜವನ್ನೇ ಬರೆದಿರುವ,
ಆ ಉಪನ್ಯಾಸಕಿಯ ಸೋದರಮಾವ